ಗೌಜು ಉಳಿಗೆ ಬರಿಗೈಯಲ್ಲಿ ಸಾಣೆ ಹಿಡಿಯುವುದನ್ನು ನಾನು ಕಲಿತ ಬಗೆ

ಚನ್ನಪಟ್ಟಣದಲ್ಲಿ ಮರದ ಆಟಿಕೆಗಳನ್ನು ಕಡೆಯುವ ಕಾರ್ಖಾನೆಯೊಂದರಲ್ಲಿ ನಾನು ಲೇತಿನ ಮುಂದೆ ನಿಂತು ಕೆಲಸ ಮಾಡುತ್ತೇನೆ. ನಮ್ಮ ಕೈಗೆ ಬರುವುದು ಬಹುಪಾಲು ಆಲೆಮರ. ಬಿಳುಪಾದ, ಮೃದುವಾದ, ಒತ್ತಾದ ನಾರಿನ ಈ ಮರ ಅರಗಿನ ಬಣ್ಣಕ್ಕೆ ಹೇಳಿ ಮಾಡಿಸಿದಂತಿದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿ ಹಿಡಿದು ತಿಕ್ಕಿದರೆ ಹೊಳಪು ಬರುತ್ತದೆ ಎಂಬುದು ಬಹಳ ಜನರಿಗೆ ಗೊತ್ತು. ಆದರೆ ಮೊಂಡಾದ ಉಳಿ ಮರದ ನಾರನ್ನು ಕತ್ತರಿಸದೆ ಕಿತ್ತು ತೆಗೆದಿದ್ದರೆ, ಕಿತ್ತುಹೋದ ಜಾಗಕ್ಕೆ ಬಣ್ಣ ಹೆಚ್ಚಾಗಿ ಇಳಿದು, ಅಲ್ಲಿಯವರೆಗೆ ಕಣ್ಣಿಗೆ ಬೀಳದಿದ್ದ ದೋಷ ಕಪ್ಪು ಕಲೆಯಾಗಿ ಎದ್ದು ಕಾಣುತ್ತದೆ ಎಂಬುದು ಈ ಕೆಲಸ ಮಾಡುವವರಿಗೆ ಮಾತ್ರ ಅರಿವಾಗುವ ಸಂಗತಿ. ಉಪ್ಪುಕಾಗದ ಹಾಕಿ ಎಷ್ಟು ಉಜ್ಜಿದರೂ ಆ ಕಲೆ ಪೂರ್ತಿಯಾಗಿ ಹೋಗುವುದಿಲ್ಲ. ಆದ್ದರಿಂದ ಆಟಿಕೆಯ ಅಂದ ಶುರುವಾಗುವುದು ಸಾಣೆಚಕ್ರದ ಬಳಿ ಎಂದು ನಾನು ನಂಬಿದ್ದೇನೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಮಾಲೀಕರು ಅರ್ಧ ಇಂಚಿನ ಎರಡು ಹೊಸ ಹೈಸ್ಪೀಡ್ ಸ್ಟೀಲ್ ಗೌಜುಗಳನ್ನು, ಅಂದರೆ ಮೈಯುದ್ದಕ್ಕೂ ಕಾಲುವೆಯಂತೆ ತೋಡಿರುವ ಕಡೆಯುವ ಉಳಿಗಳನ್ನು, ತರಿಸಿ, ಒಂದನ್ನು ಮೇಸ್ತ್ರಿಗೂ ಇನ್ನೊಂದನ್ನು ನನಗೂ ಕೊಟ್ಟರು. ಮೂರು ತಿಂಗಳು ಕಳೆಯುವಷ್ಟರಲ್ಲಿ ನನ್ನ ಗೌಜು ಮೇಸ್ತ್ರಿಯವರ ಗೌಜಿಗಿಂತ ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಇಬ್ಬರೂ ಕಡೆಯುತ್ತಿದ್ದುದು ಒಂದೇ ಬಗೆಯ ಮರ, ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಗೊಂಬೆಗಳು. ಸಾಲದ್ದಕ್ಕೆ ನನ್ನ ಉಳಿ ಅವರದಕ್ಕಿಂತ ಬೇಗ ಮೊಂಡಾಗುತ್ತಿತ್ತು. ಮೊಂಡಾದಷ್ಟೂ ನಾನು ಅದನ್ನು ಚಕ್ರಕ್ಕೆ ಇನ್ನಷ್ಟು ಒತ್ತುತ್ತಿದ್ದೆ. ಒಂದು ದಿನ ಮೇಸ್ತ್ರಿ ನನ್ನ ಪಕ್ಕ ಬಂದು ನಿಂತು, ಕಿಡಿ ಹಾರುವುದನ್ನು ಸ್ವಲ್ಪ ಹೊತ್ತು ನೋಡಿ, "ಬಾಯಿಂದ ಶುರು ಮಾಡ್ತಿದ್ದೀಯಲ್ಲಪ್ಪ, ಹಿಮ್ಮಡಿಯಿಂದ ಶುರು ಮಾಡು. ಸುಮ್ಮನೆ ಕಬ್ಬಿಣ ತಿನ್ನಿಸಬೇಡ ಕಣಪ್ಪ" ಎಂದರು. ಆಮೇಲೆ ಪ್ಯಾಕಿಂಗ್ ಮೇಜಿನ ಮೇಲಿದ್ದ ಕಪ್ಪು ಮಾರ್ಕರ್ ಪೆನ್ನನ್ನು ತಂದು, ನನ್ನ ಉಳಿಯ ಇಳಿಜಾರಿಗೆ, ಅಂದರೆ ಅಲಗಿನ ಹಿಂದಿನ ಓರೆ ಮೈಗೆ, ಪೂರ್ತಿ ಮಸಿ ಬಳಿದು, ಗ್ರೈಂಡರ್ ಆರಿಸಿ, ಚಕ್ರವನ್ನು ಕೈಯಿಂದಲೇ ಅರ್ಧ ಸುತ್ತು ತಿರುಗಿಸುತ್ತ ಉಳಿಯನ್ನು ಎಂದಿನಂತೆ ಇಡಲು ಹೇಳಿದರು. ಮಸಿ ಹೋಗಿದ್ದು ತುದಿಯಲ್ಲಿ ಮಾತ್ರ, ಕೂದಲೆಳೆಯಷ್ಟು ಅಗಲದಲ್ಲಿ. ಅಂದರೆ ಮೂರು ತಿಂಗಳಿಂದ ನಾನು ಉಳಿಯ ಕೋನವನ್ನು ದಿನದಿನವೂ ದಪ್ಪವಾಗಿಸುತ್ತಾ, ಮೂಲ ಇಳಿಜಾರಿನ ತುದಿಯಲ್ಲಿ ಇನ್ನೊಂದು ಚಿಕ್ಕ ಇಳಿಜಾರನ್ನು ಕಟ್ಟುತ್ತಾ, ಆಮೇಲೆ ಅದನ್ನು ಸರಿಪಡಿಸಲು ಇಡೀ ಮೂತಿಯನ್ನೇ ಸವೆಸುತ್ತಾ ಬಂದಿದ್ದೆ.

ಸರಿಯಾದ ಕ್ರಮವನ್ನು ಅವರು ತೋರಿಸಿದ ಹಾಗೆಯೇ ಹೇಳುತ್ತೇನೆ. ಎಡಗೈಯ ಬೆರಳುಗಳು ರೆಸ್ಟಿನ (ಚಕ್ರದ ಮುಂದೆ ಉಳಿಗೆ ಆನಿಕೆಯಾಗಿರುವ ಪಟ್ಟಿಯ) ಮೇಲೆ ಊರಿಕೊಂಡು ಉಳಿಯನ್ನು ಕೆಳಗಿನಿಂದ ಹೊತ್ತಿರಬೇಕು, ಹೆಬ್ಬೆರಳು ಮೇಲಿನಿಂದ ಹಗುರವಾಗಿ ಒತ್ತಿರಬೇಕು, ಬಲಗೈ ಹಿಡಿಯ ತುದಿಯನ್ನು ತೊಡೆಯ ಪಕ್ಕಕ್ಕೆ ತಗ್ಗಿಸಿಕೊಂಡಿರಬೇಕು. ಹೀಗೆ ಹಿಡಿ ಕೆಳಗಿರುವಾಗ ಉಳಿಯನ್ನು ಚಕ್ರಕ್ಕೆ ಮುಟ್ಟಿಸಿದರೆ ಮೊದಲು ತಾಗುವುದು ಇಳಿಜಾರಿನ ಹಿಂಭಾಗ, ಅಂದರೆ ಹಿಮ್ಮಡಿ. ಆಗ ಕಿಡಿಗಳೆಲ್ಲ ಉಳಿಯ ಅಡಿಯಿಂದಲೇ ಕೆಳಕ್ಕೆ ಸುರಿಯುತ್ತವೆ. ಅಲ್ಲಿಂದ ಹಿಡಿಯನ್ನು ನಿಧಾನವಾಗಿ ಮೇಲೆತ್ತುತ್ತ ಬಂದರೆ ತಾಗುವ ಜಾಗ ಹಿಮ್ಮಡಿಯಿಂದ ಅಲಗಿನ ಕಡೆಗೆ ಸರಿಯುತ್ತದೆ. ಇಡೀ ಇಳಿಜಾರು ಚಕ್ರದ ಮೇಲೆ ಕುಳಿತ ಗಳಿಗೆಯಲ್ಲಿ ಕೈಗೆ ತಿಳಿಯುವ ನಡುಕ ಕಡಿಮೆಯಾಗಿ, ಕರಕರ ಎನ್ನುತ್ತಿದ್ದ ಸದ್ದು ಒಂದೇ ಸಮನಾದ ಸದ್ದಾಗಿ ಬದಲಾಗುತ್ತದೆ. ಒಂದೆರಡು ಕಿಡಿ ಅಲಗನ್ನು ದಾಟಿ ಉಳಿಯ ಕಾಲುವೆಯೊಳಗೆ ಹರಿದದ್ದು ಕಂಡಿತೆಂದರೆ ಕೆಲಸ ಮುಗಿಯಿತು, ಅಲ್ಲಿಂದಾಚೆಗೆ ತೆಗೆಯುವ ಪ್ರತಿಯೊಂದು ಕಣವೂ ವ್ಯರ್ಥ.

ಕಷ್ಟವಿರುವುದು ಅಲಗಿನ ಎರಡು ಪಕ್ಕದ ರೆಕ್ಕೆಗಳಲ್ಲಿ. ಒರಟು ಮರವನ್ನು ಉರುಟು ಮಾಡುವ ದೊಡ್ಡ ಗೌಜಿನ ಬಾಯಿ ನೇರವಾಗಿರುವುದರಿಂದ ಅದನ್ನು ಇದ್ದಲ್ಲೇ ಉರುಳಿಸಿದರೆ ಸಾಕು. ಆದರೆ ಗೊಂಬೆಯ ಕುತ್ತಿಗೆ, ಸೊಂಟ, ಬುಗುರಿಯ ತಿರುವು ಇಂಥವನ್ನು ತೆಗೆಯುವ ಗೌಜಿನ ಮೂತಿ ಬೆರಳಿನ ಉಗುರಿನಂತೆ ದುಂಡಾಗಿದ್ದು ಹಿಂದಕ್ಕೆ ಬಾಗಿರುತ್ತದೆ. ಅದಕ್ಕೆ ಸಾಣೆ ಹಿಡಿಯುವಾಗ ಉಳಿಯನ್ನು ಉರುಳಿಸುವುದು, ಹಿಡಿಯನ್ನು ಪಕ್ಕಕ್ಕೆ ತೂಗುವುದು, ಉಳಿಯನ್ನು ಚಕ್ರದ ಮೇಲೆ ತುಸು ಮುಂದಕ್ಕೆ ಏರಿಸುವುದು ಈ ಮೂರೂ ಒಂದೇ ಚಲನೆಯಾಗಿ ನಡೆಯಬೇಕು. ಮಣಿಕಟ್ಟಿನಿಂದ ಮಾಡಹೋದರೆ ಅದು ತುಂಡುತುಂಡಾಗುತ್ತದೆ. ಕಾಲುಗಳನ್ನು ಅಗಲಿಸಿ ನಿಂತು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಸೊಂಟದಿಂದ ತೂಗಿದರೆ ಮಾತ್ರ ಅದು ಒಂದೇ ಹರಿವಾಗಿ ಬರುತ್ತದೆ. ನಾನು ಬಹಳ ಕಾಲ ಮಾಡಿದ ತಪ್ಪೆಂದರೆ ಉಳಿಯ ತುದಿಯ ಎಡಬಲದಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದುದು. ಅದರಿಂದ ಅಲ್ಲಿ ಎರಡು ತಗ್ಗುಗಳು ಬಿದ್ದು, ಮೂತಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ, ಕಡೆಯುವಾಗ ಮರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಗ್ರೈಂಡರ್ ಆರಿಸಿಟ್ಟು, ನಿಂತ ಚಕ್ರದ ಮೇಲೆ ಈ ಚಲನೆಯನ್ನು ಒಂದು ವಾರ ದಿನಾಲೂ ಹತ್ತು ನಿಮಿಷ ಮಾಡಿದ ಮೇಲೆಯೇ ನನ್ನ ಮೈಗೆ ಅದು ಒಗ್ಗಿತು.

ಕೋನದ ವಿಷಯವನ್ನು ಕೇಳುವವರು ಬಹಳ. ನಮ್ಮ ಸಣ್ಣ ಕೆಲಸದ ಗೌಜಿಗೆ 35ರಿಂದ 40 ಡಿಗ್ರಿ, ದೊಡ್ಡ ಗೌಜಿಗೆ 45 ಡಿಗ್ರಿಯ ಆಸುಪಾಸು ಇಟ್ಟುಕೊಂಡಿದ್ದೇವೆ. ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೆ ಮರಕ್ಕೆ ಅದು ತಿಳಿಯುವುದಿಲ್ಲ. ಇಂದು ಇಟ್ಟದ್ದೇ ನಾಳೆಯೂ ಇರುವುದು ಮುಖ್ಯ. ಕೋನ ಬದಲಾಗದಿದ್ದರೆ ಒಂದು ಸಲಕ್ಕೆ ಐದಾರು ಸೆಕೆಂಡು ಚಕ್ರ ಮುಟ್ಟಿದರೆ ಸಾಕಾಗುತ್ತದೆ, ಬದಲಾದರೆ ಇಡೀ ಇಳಿಜಾರನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.

ಚಕ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೈಯ ತಪ್ಪೆಂದು ನಾವು ತಿಳಿದದ್ದರಲ್ಲಿ ಅರ್ಧದಷ್ಟು ಚಕ್ರದ ತಪ್ಪಾಗಿರುತ್ತದೆ. ಸಾಮಾನ್ಯ ಬೆಂಚ್ ಗ್ರೈಂಡರ್ ನಿಮಿಷಕ್ಕೆ ಸುಮಾರು 2,850 ಸುತ್ತು ತಿರುಗುತ್ತದೆ. 8 ಇಂಚಿನ ಚಕ್ರವಾದರೆ ಅದರ ಅಂಚು ಸೆಕೆಂಡಿಗೆ ಹತ್ತಿರ ಹತ್ತಿರ 30 ಮೀಟರ್ ಓಡುತ್ತಿರುತ್ತದೆ. ಕಲಿಯುವವರಿಗೆ ಇದು ಅತಿ ವೇಗ. 1,440 ಸುತ್ತಿನ ಗ್ರೈಂಡರ್ ಸಿಕ್ಕರೆ ತಪ್ಪಿದರೂ ನಷ್ಟ ಅರ್ಧದಷ್ಟೇ. ಗ್ರೈಂಡರ್ ಜೊತೆಗೇ ಬರುವ ಬೂದು ಬಣ್ಣದ ಚಕ್ರ ನಮ್ಮ ಉಳಿಗಳಿಗೆ ಗಡುಸಾಯಿತು. ಅದರ ಮೈ ಬೇಗ ಗಾಜಿನಂತೆ ನುಣುಪಾಗಿ, ಉಕ್ಕನ್ನು ಕತ್ತರಿಸುವ ಬದಲು ತಿಕ್ಕಿ ಕಾಯಿಸುತ್ತದೆ. 60 ಅಥವಾ 80 ನಂಬರಿನ (ಕಣದ ಗಾತ್ರ ಹೇಳುವ ಸಂಖ್ಯೆ) ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಚಕ್ರ ಹಾಕಿ, ವಾರಕ್ಕೊಮ್ಮೆಯಾದರೂ ಡೈಮಂಡ್ ಡ್ರೆಸ್ಸರ್‌ನಿಂದ ಅದರ ಮೈಯನ್ನು ಸಮ ಮಾಡಿಕೊಂಡರೆ ಉಳಿ ತಣ್ಣಗಿದ್ದೇ ಹರಿತವಾಗುತ್ತದೆ. ಹೊಸ ಚಕ್ರ ಕೂಡಿಸುವ ಮುನ್ನ ಅದನ್ನು ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಬೇಕು; ಗಂಟೆಯಂತೆ ನಾದ ಬಾರದೆ ಒಡಕು ಸದ್ದು ಬಂದರೆ ಒಳಗೆ ಬಿರುಕಿದೆ ಎಂದು ತಿಳಿದು ದೂರ ಇಡಬೇಕು. ರೆಸ್ಟಿಗೂ ಚಕ್ರಕ್ಕೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಬಿಡಬಾರದು, ಕನ್ನಡಕ ಹಾಕದೆ ಸ್ವಿಚ್ ಮುಟ್ಟಬಾರದು, ಕೈಗವಸು ಹಾಕಬಾರದು.

ಉಕ್ಕಿನ ಜಾತಿಯನ್ನೂ ತಿಳಿದಿರಬೇಕು. ಹಳೆಯ ಅರವನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿಸಿದ ಉಳಿಗಳು ನಮ್ಮಲ್ಲಿ ಈಗಲೂ ಇವೆ, ಅವುಗಳ ಅಲಗು ಬಹಳ ನಯ. ಆದರೆ ಚಕ್ರದ ಬಿಸಿಗೆ ಅವುಗಳ ತುದಿ ಒಣಹುಲ್ಲಿನ ಬಣ್ಣ ದಾಟಿ ನೀಲಿಗೆ ತಿರುಗಿತೆಂದರೆ, ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ, ಅಷ್ಟು ಭಾಗದ ಗಡಸುತನ ಹೋಯಿತೆಂದೇ ಅರ್ಥ; ಅದಕ್ಕೇ ಅವನ್ನು ಆಗಾಗ ನೀರಿಗೆ ಅದ್ದುತ್ತೇವೆ. ಹೈಸ್ಪೀಡ್ ಸ್ಟೀಲ್ ಹಾಗಲ್ಲ. ಅದು 500 ಡಿಗ್ರಿ ದಾಟಿದರೂ ಗಡಸುತನ ಬಿಟ್ಟುಕೊಡುವುದಿಲ್ಲ, ನೀಲಿ ಬಣ್ಣ ಕಂಡಿತೆಂದು ಗಾಬರಿಯಾಗಬೇಕಿಲ್ಲ. ಕಾದದ್ದನ್ನು ನೀರಿಗೆ ಅದ್ದಿದರೆ ಮಾತ್ರ ಅಲಗಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಬೀಳಬಹುದು. ಈ ಎರಡನ್ನೂ ಒಂದೇ ರೀತಿ ನಡೆಸಿಕೊಂಡು ನಾವು ಕೆಲವು ಒಳ್ಳೆಯ ಉಳಿಗಳನ್ನು ಕಳೆದುಕೊಂಡಿದ್ದೇವೆ.

ಇನ್ನೊಂದು ಘಟನೆಯನ್ನು ಹೇಳದೆ ಇರಲಾರೆ. ಗ್ರೈಂಡರಿನ ಕೆಳಗೆ ಮರದ ಹೊಟ್ಟಿನ ಗೋಣಿಚೀಲವಿದ್ದುದನ್ನು ಗಮನಿಸದೆ ನಾನು ಸಾಣೆ ಹಿಡಿದು ಊಟಕ್ಕೆ ಹೋಗಿದ್ದೆ. ಹಿಂದಿರುಗಿ ಬಂದಾಗ ಚೀಲದ ಬಾಯಲ್ಲಿ ಹೊಗೆಯಾಡುತ್ತಿತ್ತು. ಒಳಗೆ ಅಂಗೈಯಗಲ ಕೆಂಡವಾಗಿತ್ತು. ಬೆಂಕಿ ಎದ್ದಿರಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ. ಅಂದಿನಿಂದ ಗ್ರೈಂಡರ್ ಇರುವುದು ಬಾಗಿಲ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ, ಹೊಟ್ಟಿನಿಂದ ದೂರ.

ಸಾಣೆಗೆ ಯಾವಾಗ ಹೋಗಬೇಕೆಂಬುದನ್ನು ಮರವೇ ಹೇಳುತ್ತದೆ. ಹರಿತವಾದ ಗೌಜಿನಿಂದ ಆಲೆಮರದ ಸಿಪ್ಪೆ ಉದ್ದುದ್ದ ಸುರುಳಿಯಾಗಿ ಹೆಗಲ ಮೇಲೆ ಬಂದು ಬೀಳುತ್ತದೆ. ಸುರುಳಿ ತುಂಡಾಗಿ ಪುಡಿ ಉದುರತೊಡಗಿದರೆ, ಕೈ ತಾನಾಗಿ ಒತ್ತಡ ಹೆಚ್ಚಿಸತೊಡಗಿದರೆ, ಆಗಲೇ ತಡವಾಗಿದೆ. ಮೃದು ಮರಕ್ಕೆ ಮೊಂಡು ಉಳಿ ನಡೆಯುತ್ತದೆಂಬ ಮಾತನ್ನು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ, ತೇಗದ ನಾರು ತಡೆದುಕೊಳ್ಳುವ ಮೊಂಡುತನವನ್ನು ಆಲೆಯ ನಾರು ತಡೆದುಕೊಳ್ಳುವುದಿಲ್ಲ. ಅನುಮಾನವಿದ್ದರೆ ಅಲಗನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡುತ್ತೇನೆ. ಹರಿತವಾದ ಅಲಗು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ. ಮೊಂಡಾದ ಕಡೆ ಬಿಳಿಯ ಗೆರೆಯೊಂದು ಮಿನುಗುತ್ತದೆ.

ನಮ್ಮ ಗ್ರೈಂಡರಿನ ಕಾಲಿಗೆ ಈಗ ಒಂದು ಮಾರ್ಕರ್ ಪೆನ್ನನ್ನು ದಾರದಿಂದ ಕಟ್ಟಿದ್ದೇನೆ. ಹೊಸದಾಗಿ ಬಂದ ಹುಡುಗರಿಗೆ ಮೊದಲ ತಿಂಗಳು ಮಸಿ ಬಳಿಯದೆ ಚಕ್ರ ಹಾಕಲು ಬಿಡುವುದಿಲ್ಲ. ಮೇಸ್ತ್ರಿಯವರ ಆ ಗೌಜು ಅವರು ಕೆಲಸ ಬಿಟ್ಟ ಮೇಲೆ ನನ್ನ ಕೈಗೆ ಬಂದಿದೆ, ಇನ್ನೂ ಒಂದು ಗೇಣಿನಷ್ಟು ಉಳಿದಿದೆ.