ಸಿನಿಮಾಕ್ಕೆ ದುಡ್ಡು ಕೊಟ್ಟರೆ ವಾಪಸ್ ಎಷ್ಟು ಬರುತ್ತೆ?

ನಾನು ಬೆಂಗಳೂರಿನಲ್ಲಿ ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾಗಳ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಗಾಂಧಿನಗರದ ದೊಡ್ಡ ನಿರ್ಮಾಪಕರು ಇವಕ್ಕೆ ದುಡ್ಡು ಹಾಕುವುದಿಲ್ಲ. ನೂರಾರು ಜನರಿಂದ ಸಾವಿರ, ಎರಡು ಸಾವಿರ, ಹತ್ತು ಸಾವಿರ ಸೇರಿಸಿ ಮಾಡುವ ಸಿನಿಮಾಗಳು ಇವು. ಕ್ರೌಡ್‌ಫಂಡಿಂಗ್ ಅನ್ನುತ್ತಾರಲ್ಲ, ಅದು. ನನ್ನ ಕೆಲಸ ಇದು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ, ಐಟಿ ಕಂಪನಿಯ ಗೆಳೆಯರೂ ಕೇಳಿದ್ದಾರೆ: "ನಾನೊಂದು ಹತ್ತು ಸಾವಿರ ಹಾಕಿದ್ರೆ ವಾಪಸ್ ಎಷ್ಟು ಬರುತ್ತೆ?"

ಏನೂ ಬರಲ್ಲ ಅಂದುಕೊಂಡೇ ಕೊಡಿ. ಹಾಗೆ ಕೊಡಲು ಮನಸ್ಸು ಒಪ್ಪದಿದ್ದರೆ ದಯವಿಟ್ಟು ಕೊಡಬೇಡಿ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟೇ ಹೇಳಿ ಎದ್ದುಹೋದರೆ ಕೇಳಿದವರಿಗೂ ಬೇಜಾರು, ಸಿನಿಮಾಕ್ಕೂ ಅನ್ಯಾಯ. ಹಾಗಾಗಿ ಲೆಕ್ಕ ಬಿಚ್ಚಿ ಹೇಳುತ್ತೇನೆ.

ಮಲ್ಟಿಪ್ಲೆಕ್ಸ್‌ನಲ್ಲಿ ನೀವು 200 ರೂಪಾಯಿ ಕೊಟ್ಟು ಟಿಕೆಟ್ ತಗೊಂಡಿರಿ ಅಂತಿಟ್ಟುಕೊಳ್ಳಿ. ನೂರು ರೂಪಾಯಿ ದಾಟಿದ ಟಿಕೆಟ್ಟಿಗೆ ಜಿಎಸ್‌ಟಿ ಶೇ. 18. ಅಲ್ಲಿಗೆ ಸುಮಾರು 30 ರೂಪಾಯಿ ಹೋಯಿತು. ಉಳಿದ 170ರಲ್ಲಿ ಮೊದಲ ವಾರ ಸಾಮಾನ್ಯವಾಗಿ ಅರ್ಧ ಥಿಯೇಟರಿನವರದು. ನಮಗೆ ಉಳಿದದ್ದು 85. ಎರಡನೇ ವಾರ, ಮೂರನೇ ವಾರ ಅಂತ ಹೋದ ಹಾಗೆ ನಮ್ಮ ಪಾಲು ಇಳಿಯುತ್ತದೆ, ಅವರ ಪಾಲು ಏರುತ್ತದೆ. ಈ 85ರಲ್ಲೇ ಹಂಚಿಕೆದಾರರ ಕಮಿಷನ್ ಆಗಬೇಕು. ಕ್ಯೂಬ್, ಯುಎಫ್‌ಒದಂಥ ಡಿಜಿಟಲ್ ಕಂಪನಿಗಳ ಮೂಲಕ ಸಿನಿಮಾವನ್ನು ಪರದೆಗೆ ತರುವ ಶುಲ್ಕ ಕಟ್ಟಬೇಕು. ಪೋಸ್ಟರ್, ಟ್ರೇಲರ್, ಪತ್ರಿಕಾಗೋಷ್ಠಿ, ಫೇಸ್‌ಬುಕ್ ಜಾಹೀರಾತು ಎಲ್ಲಕ್ಕೂ ಮೊದಲೇ ಸುರಿದ ದುಡ್ಡು ವಾಪಸ್ ಆಗಬೇಕು.

ಅವನ್ನೆಲ್ಲ ಸುಮ್ನೆ ಬಿಟ್ಟುಬಿಡೋಣ. ಪೂರ್ತಿ 85 ನಮ್ಮ ಕೈಗೇ ಬಂತು ಅಂದುಕೊಂಡರೂ, 60 ಲಕ್ಷದಲ್ಲಿ ಮಾಡಿದ ಒಂದು ಸಿನಿಮಾ ಹಾಕಿದ ದುಡ್ಡು ಎತ್ತಬೇಕಾದರೆ 70 ಸಾವಿರಕ್ಕಿಂತ ಜಾಸ್ತಿ ಟಿಕೆಟ್ ಮಾರಾಟವಾಗಬೇಕು. 250 ಸೀಟಿನ ಪರದೆಯಲ್ಲಿ 280ಕ್ಕೂ ಹೆಚ್ಚು ಹೌಸ್‌ಫುಲ್ ಶೋ. ಸ್ಟಾರ್ ಇಲ್ಲದ ಕನ್ನಡ ಸಿನಿಮಾಕ್ಕೆ ಸಿಗುವುದು ಬೆಳಿಗ್ಗೆ ಒಂದು ಶೋ, ಇಲ್ಲವೇ ರಾತ್ರಿ ಹತ್ತರ ಮೇಲೆ ಒಂದು. ಕೆ.ಜಿ. ರಸ್ತೆಯ ಮೇನ್ ಥಿಯೇಟರಿಗೆ ಹೋದರೆ ಅಲ್ಲಿ ಲೆಕ್ಕ ಬೇರೆ, ವಾರದ ಬಾಡಿಗೆ. ಜನ ಬಂದರೂ ಬಾರದಿದ್ದರೂ ಬಾಡಿಗೆ ಕಟ್ಟಲೇಬೇಕು.

"ಒಟಿಟಿ ಇದೆಯಲ್ವಾ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಇದೆ. ಆದರೆ ಹೆಸರಿಲ್ಲದ ಸಣ್ಣ ಸಿನಿಮಾವನ್ನು ಮುಂಗಡ ಕೊಟ್ಟು ಕೊಳ್ಳುವುದು ಅಪರೂಪ. ಜನ ಎಷ್ಟು ಹೊತ್ತು ನೋಡಿದರೋ ಅಷ್ಟಕ್ಕೆ ಪಾಲು ಅನ್ನುವ ಒಪ್ಪಂದವೇ ಹೆಚ್ಚು. ಸರ್ಕಾರದ ಸಹಾಯಧನ ಆಯ್ಕೆಯಾದ ಸಿನಿಮಾಗಳಿಗೆ ಸಿಗುತ್ತದೆ, ಅದೂ ಸಿನಿಮಾ ಮುಗಿದು ಸೆನ್ಸಾರ್ ಆದ ಮೇಲಿನ ಮಾತು. ಅದನ್ನು ನೆಚ್ಚಿಕೊಂಡು ಇವತ್ತು ಯಾರಿಗೂ ಮಾತು ಕೊಡಲಾಗುವುದಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ 'ಲೂಸಿಯಾ' ಹೆಸರು ತೆಗೆದೇ ತೆಗೆಯುತ್ತಾರೆ. ತೆಗೆಯಲೇಬೇಕು. ಅದರ ನಿರ್ದೇಶಕ ಪವನ್ ಕುಮಾರ್ ತಮ್ಮ ಬ್ಲಾಗಿನಲ್ಲಿ ಬರೆದು ಜನರನ್ನೇ ಕೇಳಿದರು. ಒಂದು ತಿಂಗಳೊಳಗೆ 110 ಜನ ಸೇರಿ ಸುಮಾರು 50 ಲಕ್ಷ ಕೊಟ್ಟರು. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು. ಸೆಪ್ಟೆಂಬರಿನಲ್ಲಿ ಇಲ್ಲಿ ತೆರೆಗೆ ಬಂತು. ಆಮೇಲೆ ತಮಿಳಿಗೂ ಹೋಯಿತು. ನನ್ನ ಜೊತೆ ಕೆಲಸ ಮಾಡುವವರಲ್ಲಿ ಆ ಸಿನಿಮಾ ನೋಡಿಯೇ ಕೆಲಸ ಬಿಟ್ಟು ಈ ಕಡೆ ಬಂದವರಿದ್ದಾರೆ. ಕನ್ನಡದಲ್ಲಿ ಹೀಗೂ ಆಗುತ್ತದೆ ಅಂತ ತೋರಿಸಿದ್ದು ಅದು.

ಆದರೆ ಲೆಕ್ಕ ಹಾಕಿ ನೋಡಿ. 110 ಜನ, 50 ಲಕ್ಷ. ಸರಾಸರಿ ತಲಾ 45 ಸಾವಿರ. ಅಷ್ಟು ಹಾಕುವವರು ಹೂಡಿಕೆ ಅಂದರೆ ಏನು, ಮುಳುಗಿದರೆ ಏನು ಅಂತ ಯೋಚಿಸಿಯೇ ಹಾಕುತ್ತಾರೆ. ಜೊತೆಗೆ ಪವನ್ ಅದಕ್ಕೂ ಮೊದಲು ಒಂದು ಸಿನಿಮಾ ನಿರ್ದೇಶಿಸಿ ಜನರಿಗೆ ಗೊತ್ತಿದ್ದವರು. ಒಂದು ಸಿನಿಮಾ ಗೆದ್ದಿದ್ದನ್ನು ತೋರಿಸಿ ಎಲ್ಲ ಸಿನಿಮಾದ ಹೆಸರಲ್ಲೂ ಲಾಭದ ಆಸೆ ಹುಟ್ಟಿಸುವುದನ್ನು ನಾನು ಒಪ್ಪುವುದಿಲ್ಲ.

ಜನರ ದುಡ್ಡಿನ ಸಿನಿಮಾಕ್ಕೆ ಇನ್ನೊಂದು ಹಳೆಯ ದಾರಿಯಿದೆ. ನನಗೆ ಅದು ಹೆಚ್ಚು ಇಷ್ಟ. 1976ರ 'ಮಂಥನ್'ಗೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ಹತ್ತು ಲಕ್ಷ ಆಯಿತು, ಶ್ಯಾಮ್ ಬೆನಗಲ್ ಸಿನಿಮಾ ಮಾಡಿದರು. ಬಿಡುಗಡೆಯಾದಾಗ ರೈತರು ಲಾರಿಗಳಲ್ಲಿ ಬಂದು ತಮ್ಮ ಸಿನಿಮಾ ನೋಡಿದರು. 2024ರಲ್ಲಿ ಅದೇ ಸಿನಿಮಾದ ಹೊಸ ಪ್ರತಿಯನ್ನು ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಕೇರಳದಲ್ಲಿ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಗೆಳೆಯರ ಒಡೆಸ್ಸಾ ಬಳಗ ಊರೂರು ಸುತ್ತಿ, ಸಿನಿಮಾ ತೋರಿಸಿ, ಚಂದಾ ಎತ್ತಿ 1986ರಲ್ಲಿ 'ಅಮ್ಮ ಅರಿಯಾನ್' ಮಾಡಿತು. ಎರಡು ರೂಪಾಯಿ ಕೊಟ್ಟ ರೈತ ಮೂರು ರೂಪಾಯಿ ವಾಪಸ್ ಬರಲಿ ಅಂತ ಕಾದು ಕೂರಲಿಲ್ಲ.

ನಮ್ಮಲ್ಲೇನು ಕಡಿಮೆ? ಮಂಡ್ಯ, ತುಮಕೂರು ಕಡೆ ಜಾತ್ರೆಗೆ 'ಕುರುಕ್ಷೇತ್ರ' ನಾಟಕ ಆಡುವಾಗ ಕೃಷ್ಣನ ಪಾತ್ರ ಕಟ್ಟುವವರೇ ಆ ಪಾತ್ರಕ್ಕೆ ದುಡ್ಡು ಕೊಡುತ್ತಾರೆ. ದುರ್ಯೋಧನ ಆಗುವವರೂ ಕೊಡುತ್ತಾರೆ. ಸೀನರಿ, ಹಾರ್ಮೋನಿಯಂ ಮೇಷ್ಟ್ರ ಸಂಬಳ, ಮೈಕ್ ಸೆಟ್ಟು ಎಲ್ಲ ಆ ದುಡ್ಡಲ್ಲೇ. ಲಾಭ ಎಷ್ಟು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಾನು ನಿಮ್ಮ ಹತ್ತಿರ ಕೇಳುವುದು ಆ ಥರದ ದುಡ್ಡು.

ಕಾನೂನೂ ಇದನ್ನೇ ಹೇಳುತ್ತದೆ. ಕಂಪನಿ ಮಾಡಿ ಷೇರು ಕೊಡುವುದಾದರೆ, 2013ರ ಕಂಪನಿ ಕಾಯ್ದೆಯ ಪ್ರಕಾರ ಖಾಸಗಿಯಾಗಿ ಒಂದು ಹಣಕಾಸು ವರ್ಷದಲ್ಲಿ 200 ಜನರಿಗಿಂತ ಹೆಚ್ಚಿನವರನ್ನು ಕೇಳುವಂತಿಲ್ಲ. ಅದಕ್ಕೆ ಸಾರ್ವಜನಿಕವಾಗಿ ಜಾಹೀರಾತು ಕೊಡುವಂತಿಲ್ಲ. ಷೇರು ಕೊಟ್ಟು ಸಾರ್ವಜನಿಕರಿಂದ ಹೀಗೆ ಹಣ ಎತ್ತುವ ಬಗ್ಗೆ ಷೇರುಪೇಟೆಯ ನಿಯಂತ್ರಕ ಸೆಬಿ 2014ರಲ್ಲಿ ಚರ್ಚಾಪತ್ರ ಹೊರಡಿಸಿತು, ಆದರೆ ಅದು ನಿಯಮವಾಗಲಿಲ್ಲ. "ನಿಮ್ಮ ಅಸಲು ವಾಪಸ್ ಗ್ಯಾರಂಟಿ" ಅಂತ ಬರೆದು ಊರವರ ಹತ್ತಿರ ದುಡ್ಡು ತಗೊಂಡರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಇದೆ. ವಾಟ್ಸಾಪ್ ಗುಂಪಿನಲ್ಲಿ "ಒಂದು ಲಕ್ಷ ಹಾಕಿ, ಎರಡು ಲಕ್ಷ ತಗೊಳ್ಳಿ" ಅಂತ ಯಾರಾದರೂ ಸಿನಿಮಾದ ಪೋಸ್ಟರ್ ಹಾಕಿದ್ದರೆ ಅಲ್ಲಿಂದ ದೂರ ಇರಿ.

ನಮ್ಮ ಬೀದಿಯಲ್ಲಿ ರಿಟೈರ್ ಆದ ಒಬ್ಬರು ಮೇಷ್ಟ್ರಿದ್ದಾರೆ. ಒಂದು ಸಂಜೆ ಗೇಟಿನ ಹತ್ತಿರ ನಿಲ್ಲಿಸಿಕೊಂಡರು. "ನೋಡಪ್ಪಾ, ಬ್ಯಾಂಕಲ್ಲಿ ಒಂದು ಎಫ್‌ಡಿ ಮುಗೀತಾ ಇದೆ. ನಿಮ್ಮ ಸಿನಿಮಾಕ್ಕೆ ಹಾಕ್ತೀನಿ. ಬ್ಯಾಂಕಿಗಿಂತ ಒಂಚೂರು ಜಾಸ್ತಿ ಬಂದ್ರೆ ಸಾಕು."

"ಬೇಡ ಮೇಷ್ಟ್ರೇ, ಅದನ್ನ ಬ್ಯಾಂಕಲ್ಲೇ ಇಡಿ. ನೀವು, ಅಮ್ಮ ಇಬ್ಬರೂ ಸಿನಿಮಾಕ್ಕೆ ಬರೋ ಟಿಕೆಟ್ ದುಡ್ಡು ಮಾತ್ರ ಈಗಲೇ ಕೊಡಿ" ಅಂದೆ. ಅವರಿಗೆ ಸ್ವಲ್ಪ ಬೇಸರವೇ ಆಯಿತು. ಆದರೆ ಔಷಧಿಗೆ ಅಂತ ಇಟ್ಟ ದುಡ್ಡು, ಮಗಳ ಫೀಸಿಗೆ ಅಂತ ಇಟ್ಟ ದುಡ್ಡು ಸಿನಿಮಾಕ್ಕೆ ಬರಬಾರದು. ಎಷ್ಟೇ ಒಳ್ಳೆಯ ಕಥೆಯಿರಲಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾದರೆ ಕೊಡುವುದಾದರೂ ಯಾಕೆ? ಒಬ್ಬರೇ ಪೂರ್ತಿ ದುಡ್ಡು ಹಾಕಿದಾಗ ಅವರ ಭಯವೂ ಸಿನಿಮಾದೊಳಗೆ ಬರುತ್ತದೆ. ಒಂದು ಹಾಡು ಇರಲಿ, ಒಂದು ಫೈಟ್ ಇರಲಿ, ಭಾಷೆ ಎಲ್ಲರಿಗೂ ಅರ್ಥವಾಗುವ ಹಾಗೆ ಬದಲಿಸಿ ಅನ್ನುತ್ತಾರೆ. ಅವರ ಮನೆ ಅಡ ಇಟ್ಟ ದುಡ್ಡು ಅದು, ಅವರು ಹಾಗೆ ಹೇಳುವುದು ತಪ್ಪೂ ಅಲ್ಲ. ಐನೂರು ಜನ ಎರಡೆರಡು ಸಾವಿರ ಕೊಟ್ಟಾಗ ಕ್ಲೈಮ್ಯಾಕ್ಸ್ ಬದಲಿಸಿ ಅನ್ನುವ ಹಕ್ಕು ಯಾರೊಬ್ಬರಿಗೂ ಇರುವುದಿಲ್ಲ. ರಾಯಚೂರಿನ ಹುಡುಗಿ ರಾಯಚೂರಿನ ಮಾತೇ ಆಡಬಹುದು. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿ ಬಿಟ್ಟು ಬರುವ ಹೆಂಗಸರ ಕಥೆಯನ್ನು ಅವರ ನಡಿಗೆಯ ವೇಗದಲ್ಲೇ ಹೇಳಬಹುದು. ಇಂಥ ಸಿನಿಮಾ ಕನ್ನಡದಲ್ಲಿ ಇರಬೇಕು ಅಂತ ನನಗೆ ತುಂಬ ಆಸೆ.

ಕೆಲಸದ ಮಟ್ಟದಲ್ಲೂ ವ್ಯತ್ಯಾಸ ಕಾಣುತ್ತದೆ. ದುಡ್ಡು ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಶಬ್ದಕ್ಕೆ. ಬೆಂಗಳೂರಿನ ರಸ್ತೆಯಲ್ಲಿ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಹೊತ್ತಲ್ಲೇ ಮಾತು ರೆಕಾರ್ಡ್ ಮಾಡುವುದು, ಕಷ್ಟ: ಬಸ್ಸಿನ ಹಾರ್ನ್, ಮೇಲೆ ಮೆಟ್ರೋ, ಪಕ್ಕದ ಕಟ್ಟಡದಲ್ಲಿ ಡ್ರಿಲ್ಲಿಂಗ್. ಒಂದು ಮಾತು ಸರಿಯಾಗಿ ಸಿಗಲು ಇಡೀ ಯೂನಿಟ್ ಕಾಯಬೇಕು. ಕಾಯುವುದಕ್ಕೂ ದುಡ್ಡು ಬೇಕು. ಲೈಟ್ ಹುಡುಗರ ದಿನದ ಕೂಲಿ ಅವತ್ತೇ ಸಂಜೆ ಅವರ ಕೈ ಸೇರಬೇಕು. ನಿಮ್ಮ ಎರಡು ಸಾವಿರ ಹೋಗುವುದು ಇಂಥ ಕಡೆ.

ಕೊಡುವ ಮೊದಲು ನೀವೂ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ಬಜೆಟ್ ಶೂಟಿಂಗಿಗೆ ಮಾತ್ರವಾ, ಬಿಡುಗಡೆವರೆಗಾ ಅಂತ ಕೇಳಿ. ಶೂಟಿಂಗ್ ಮುಗಿಸಿ ಹಾರ್ಡ್ ಡಿಸ್ಕಿನಲ್ಲೇ ಉಳಿದ ಸಿನಿಮಾಗಳು ಈ ಊರಲ್ಲಿ ತುಂಬ ಇವೆ. ಶೂಟಿಂಗ್ ಆದ ಮೇಲೆ ಎಡಿಟಿಂಗ್, ಡಿಐ (ದೃಶ್ಯಗಳ ಬಣ್ಣ ತಿದ್ದುವ ಕೆಲಸ), ಹಿನ್ನೆಲೆ ಸಂಗೀತ, ಮಿಕ್ಸಿಂಗ್, ಸಬ್‌ಟೈಟಲ್ ಎಲ್ಲ ಇರುತ್ತದೆ. ದೃಶ್ಯದಲ್ಲಿ ಎತ್ತನ್ನು ಬಳಸಿಕೊಂಡಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಬೇಕು. ಸೆನ್ಸಾರ್ ಸರ್ಟಿಫಿಕೇಟ್ ಆಗಬೇಕು. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆದ ಮೇಲೆ ಆ ಸರ್ಟಿಫಿಕೇಟಿಗೆ ಹತ್ತು ವರ್ಷದ ಗಡುವು ಇಲ್ಲ, ಅದೊಂದು ಸಮಾಧಾನ. ಇದೆಲ್ಲ ಆದ ಮೇಲೆ ಪ್ರಚಾರ. "ಶೂಟಿಂಗ್ ಮುಗೀಲಿ, ಆಮೇಲೆ ನೋಡ್ಕೊಳ್ಳೋಣ" ಅನ್ನುವ ತಂಡಕ್ಕೆ ನಾನಾದರೆ ಕೊಡುವುದಿಲ್ಲ.

ದುಡ್ಡು ಯಾರ ಖಾತೆಗೆ ಹೋಗುತ್ತದೆ, ನಿರ್ದೇಶಕರ ಸ್ವಂತ ಖಾತೆಗಾ, ಸಿನಿಮಾದ ಹೆಸರಿನ ಬೇರೆ ಖಾತೆಗಾ ಅಂತಲೂ ಕೇಳಿ. ಗುರಿ ಮುಟ್ಟದಿದ್ದರೆ ಏನು ಅಂತ ಕೇಳಿ. ಕೆಲವು ತಾಣಗಳು ಅಂಥ ಸಂದರ್ಭದಲ್ಲಿ ದುಡ್ಡನ್ನು ಕೊಟ್ಟವರಿಗೇ ಹಿಂತಿರುಗಿಸುತ್ತವೆ, ಕೆಲವು ಬಂದಷ್ಟನ್ನು ತಂಡಕ್ಕೆ ಕೊಟ್ಟುಬಿಡುತ್ತವೆ. ಹೊರದೇಶದ ಪಾಸ್‌ಪೋರ್ಟ್ ಇರುವವರು ಕೊಡುವುದಾದರೆ ಕಾನೂನು ಬೇರೆ, ಆಡಿಟರನ್ನು ಕೇಳದೆ ಆ ದುಡ್ಡನ್ನು ನಾವು ಮುಟ್ಟುವುದಿಲ್ಲ.

ಇದಕ್ಕೆಲ್ಲ ನಿಮಗೆ ಸಿಗುವುದು ಟೈಟಲ್ ಕಾರ್ಡಿನಲ್ಲಿ ಹೆಸರು, ಮೊದಲ ಪ್ರದರ್ಶನಕ್ಕೆ ಕರೆ, ತಿಂಗಳಿಗೊಂದು ಪತ್ರ, ಕೊನೆಗೆ ಖರ್ಚಿನ ಪೂರ್ತಿ ಲೆಕ್ಕ. ಪತ್ರವನ್ನು ನಾನೇ ಬರೆಯುತ್ತೇನೆ. ತಡವಾದರೆ ತಡ ಅಂತಲೇ ಬರೆಯುತ್ತೇನೆ, ಯಾಕೆ ತಡ ಅಂತಲೂ.

ದುಡ್ಡು ಕೊಟ್ಟ ಎಲ್ಲರಿಗೂ ಕೊನೆಗೆ ಇನ್ನೊಂದು ಮಾತು ಹೇಳುತ್ತೇನೆ. ಬಿಡುಗಡೆಯಾದ ಶುಕ್ರವಾರ, ಶನಿವಾರ, ಭಾನುವಾರದೊಳಗೆ ಬನ್ನಿ. ಮುಂದಿನ ವಾರ ಶೋ ಇಡಬೇಕಾ ತೆಗೀಬೇಕಾ ಅಂತ ಥಿಯೇಟರಿನವರು ಆ ಮೂರು ದಿನದ ಕಲೆಕ್ಷನ್ ನೋಡಿಯೇ ತೀರ್ಮಾನ ಮಾಡುತ್ತಾರೆ. "ಮುಂದಿನ ವಾರ ಬಿಡುವು ಮಾಡ್ಕೊಂಡು ನೋಡ್ತೀನಿ" ಅಂದವರು ಬರುವ ಹೊತ್ತಿಗೆ ಆ ಪರದೆಯಲ್ಲಿ ಬೇರೆ ಸಿನಿಮಾ ಓಡುತ್ತಿರುತ್ತದೆ. ಮೇಷ್ಟ್ರಿಗೂ ಇದನ್ನೇ ಹೇಳಿದ್ದೇನೆ. ಶನಿವಾರ ಮಧ್ಯಾಹ್ನದ ಶೋ ಸಿಕ್ಕರೆ ಅಮ್ಮನವರನ್ನೂ ಕರೆದುಕೊಂಡು ಬರುತ್ತಾರಂತೆ.