ಯಶಸ್ವಿನಿ ನವೀಕರಣದ ದಿನ

ನಮ್ಮೂರಿನ ಸಹಕಾರ ಸಂಘಕ್ಕೆ ಹೋಗಿ ಅಮ್ಮನ ಹೆಸರಿನ ಯಶಸ್ವಿನಿ ಆರೋಗ್ಯ ಯೋಜನೆಯ ಸದಸ್ಯತ್ವವನ್ನು ಈ ವರ್ಷಕ್ಕೂ ನವೀಕರಿಸಿ ಬಂದೆ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಜಾರಿಗೆ ಬಂದು, 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಂಡಿದ್ದ ಈ ಯೋಜನೆಯನ್ನು ಸರ್ಕಾರ 2022–23ರಲ್ಲಿ ಮತ್ತೆ ಆರಂಭಿಸಿದಾಗ, ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಹೆಚ್ಚುವರಿಯಾಗಿ ಸೇರುವ ಪ್ರತಿ ಸದಸ್ಯರಿಗೆ 100 ರೂಪಾಯಿ ವಂತಿಗೆ ನಿಗದಿಯಾಯಿತು. ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ನಗದುರಹಿತ ಚಿಕಿತ್ಸೆಯ ಮುಂದೆ ಅದೇನೂ ಭಾರವಲ್ಲ. ನಮ್ಮಂಥವರಿಗೆ ಕಷ್ಟವಾಗುವುದು ಹಣವಲ್ಲ, ಕೊನೆಯ ದಿನಾಂಕ. ಒಮ್ಮೆ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ನೋಂದಣಿಯನ್ನೇ ಮರೆತು, ಅಪ್ಪನ ಶಸ್ತ್ರಚಿಕಿತ್ಸೆಯ ವೆಚ್ಚವನ್ನೆಲ್ಲ ಕೈಯಿಂದಲೇ ತೆತ್ತಿದ್ದೆವು. (ತಪ್ಪು ಪೂರ್ತಿಯಾಗಿ ನನ್ನದೇ, ನೆನಪಿಸುವ ಹೊಣೆ ನನ್ನ ಮೇಲಿತ್ತು.) ಅಂದಿನಿಂದ ಪಡಿತರ ಚೀಟಿ, ಆಧಾರ್ ಪ್ರತಿಗಳು ಮತ್ತು ಹಳೆಯ ರಸೀದಿಯನ್ನು ಅಮ್ಮ ಒಂದೇ ಚೀಲದಲ್ಲಿಟ್ಟು, ದೇವರ ಕೋಣೆಯ ಮೊಳೆಗೆ ನೇತುಹಾಕುತ್ತಾಳೆ.