ಬೆರಳಚ್ಚಿನ ಉತ್ತರ ಬರೋ ತನಕ ಕೆಲಸ ಶುರುವಿಲ್ಲ

ಕ್ಯಾಲಿಫೋರ್ನಿಯಾದ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನ ಎಚ್‌ಆರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಟೀಚರ್, ಬಸ್ ಡ್ರೈವರ್, ಕ್ಯಾಂಟೀನಿನವರು, ಯಾರೇ ಹೊಸದಾಗಿ ಸೇರಲಿ, ಅವರ ಬೆರಳಚ್ಚಿನ ಉತ್ತರ, ಅಂದರೆ ಹಳೇ ಅಪರಾಧದ ದಾಖಲೆ ಇದೆಯಾ ಇಲ್ಲವಾ ಅನ್ನೋ ವರದಿ, ಮೊದಲು ನಮ್ಮ ಕೈಗೆ ಬರಬೇಕು. ಆಗಸ್ಟ್ ಬಂತೆಂದರೆ ಪ್ರಿನ್ಸಿಪಾಲರ ಫೋನ್ ಶುರು. "ಸೋಮವಾರ ಸ್ಕೂಲ್ ತೆರೆಯುತ್ತೆ. ಹುಡುಗಿ ಒಳ್ಳೆಯವಳು, ನನಗೆ ಗೊತ್ತು. ಕ್ಲಿಯರೆನ್ಸ್ ಆಮೇಲೆ ಬರಲಿ, ಈಗ ಬಂದು ಕ್ಲಾಸ್ ನೋಡಿಕೊಳ್ಳಲಿ."

ಆಗಲ್ಲ ಅಂತೀನಿ. ಯಾಕೆ ಅಂತ ಕೇಳಿದರೆ ಮಿಶೆಲ್ ಮೊಂಟೊಯಾ ವಿಷಯ ಹೇಳುತ್ತೇನೆ. ಸ್ಯಾಕ್ರಮೆಂಟೊ ಹತ್ತಿರದ ರಿಯೋ ಲಿಂಡಾ ಹೈಸ್ಕೂಲಿನಲ್ಲಿ ಓದುತ್ತಿದ್ದ 18 ವರ್ಷದ ಹುಡುಗಿ. 1997ರ ಮೇ ತಿಂಗಳಲ್ಲಿ ಸ್ಕೂಲಿನೊಳಗೇ ಅವಳ ಕೊಲೆ ಆಯಿತು. ಕೊಂದವನು ಅಲ್ಲಿನ ತಾತ್ಕಾಲಿಕ ಜಾನಿಟರ್. ಅವನು ಮೊದಲೇ ಒಂದು ಜೀವ ತೆಗೆದು ಶಿಕ್ಷೆ ಅನುಭವಿಸಿದ್ದವನು. ಬೆರಳಚ್ಚಿನ ಉತ್ತರ ಬರುವ ಮೊದಲೇ ಅವನನ್ನು ಕೆಲಸಕ್ಕೆ ಹಾಕಿಕೊಂಡಿದ್ದರು. ಅದೇ ವರ್ಷ ಅವಳ ಹೆಸರಿನಲ್ಲೇ ಕಾನೂನು ಬಂತು. ರಾಜ್ಯದ ನ್ಯಾಯ ಇಲಾಖೆಯಿಂದ ಉತ್ತರ ಬರದೆ ಯಾರನ್ನೂ ಕೆಲಸಕ್ಕೆ ಹಚ್ಚುವ ಹಾಗಿಲ್ಲ. ಇದನ್ನು ಕೇಳಿದ ಮೇಲೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ಬೆರಳಚ್ಚು ಕೊಡೋದು ಸುಲಭ. ಲೈವ್ ಸ್ಕ್ಯಾನ್, ಅಂದರೆ ಯಂತ್ರದಲ್ಲಿ ಬೆರಳಚ್ಚು ತೆಗೆಯುವ ಕಡೆ ಹೋಗಿ ಗಾಜಿನ ಮೇಲೆ ಬೆರಳಿಟ್ಟರೆ ಆಯಿತು. ಅದು ನ್ಯಾಯ ಇಲಾಖೆಗೂ ಎಫ್‌ಬಿಐಗೂ ಹೋಗುತ್ತದೆ. ಫಾರ್ಮ್ ಮೇಲೆ ಬರೆದುಕೊಡುವ ಎಟಿಐ ನಂಬರ್, ಅಂದರೆ ನಿಮ್ಮ ಬೆರಳಚ್ಚಿನ ಗುರುತಿನ ಸಂಖ್ಯೆ, ಮಾತ್ರ ಕಳೆದುಕೊಳ್ಳಬೇಡಿ. ಏನೂ ದಾಖಲೆ ಇಲ್ಲದವರಿಗೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಉತ್ತರ ಬರುತ್ತದೆ.

ತಡವಾದರೆ ಜನ ಹೆದರುತ್ತಾರೆ. ತಡವಾಯಿತು ಅಂದ್ರೆ ಏನೋ ಅಪರಾಧ ಸಿಕ್ಕಿದೆ ಅಂತಲ್ಲ. ವರ್ಷಗಟ್ಟಲೆ ಪಾತ್ರೆ ತೊಳೆದವರ, ಕ್ಲೀನಿಂಗ್ ಮಾಡಿದವರ, ವಯಸ್ಸಾದವರ ಬೆರಳಿನ ಗೆರೆಗಳು ಸವೆದಿರುತ್ತವೆ. ಅವರ ಅಚ್ಚು ಸರಿಯಾಗಿ ಮೂಡಿಲ್ಲ ಅಂತ ವಾಪಸ್ ಬರುತ್ತದೆ. ಎರಡು ಸಲ ಹೀಗಾದರೆ ಹೆಸರಿನ ಮೇಲೆ ಹುಡುಕಿ ಅಂತ ಕೇಳಬಹುದು. ಕ್ಯಾಂಟೀನಿಗೆ ಸೇರಲು ಬಂದ ಒಬ್ಬ ಅಜ್ಜಿ, ತಮ್ಮ ಅಚ್ಚು ಎರಡನೇ ಸಲವೂ ವಾಪಸ್ ಬಂದಾಗ, ಎರಡೂ ಕೈ ನನ್ನ ಮುಂದೆ ಚಾಚಿದರು. ತುದಿಗಳು ನುಣ್ಣಗೆ ಹೊಳೆಯುತ್ತಿದ್ದವು. ದುಡಿದ ಕೈಗೆ ಯಾರೂ ನಾಚಿಕೊಳ್ಳಬೇಕಾಗಿಲ್ಲ ಅಂತ ಅವರಿಗೆ ಹೇಳಿದೆ, ಈಗಲೂ ಹೇಳುತ್ತೇನೆ.

ನಮ್ಮ ಕನ್ನಡದ ಹೆಣ್ಣುಮಕ್ಕಳು ಈಗ ಕ್ಲಾಸಿನ ಸಹಾಯಕಿಯರಾಗಿ, ಬದಲಿ ಟೀಚರಾಗಿ ಬರುತ್ತಿದ್ದಾರೆ, ತುಂಬಾ ಸಂತೋಷ. "ಅಕ್ಕಾ, ಗ್ರೀನ್ ಕಾರ್ಡಿಗೆ ಬೆರಳಚ್ಚು ಕೊಟ್ಟಿದ್ದೀನಲ್ಲ, ಅದೇ ಸಾಕಲ್ವಾ?" ಅಂತ ಕೇಳುತ್ತಾರೆ. ಸಾಕಾಗಲ್ಲಮ್ಮ. ಒಂದು ಕಡೆಗೆ ಬಂದ ಉತ್ತರವನ್ನು ಇನ್ನೊಂದು ಕಡೆ ಬಳಸುವಂತಿಲ್ಲ. ಪಕ್ಕದ ಡಿಸ್ಟ್ರಿಕ್ಟ್‌ಗೆ ಹೋದರೂ ಬಹುಪಾಲು ಹೊಸದಾಗಿ ಕೊಡಬೇಕು.

ಹೆಸರಿನ ತೊಡಕು ಇನ್ನೂ ಜಾಸ್ತಿ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಅಂತ ಇರೋದೇ ಇಲ್ಲ. ಊರಿನ, ಅಪ್ಪನ ಇನಿಷಿಯಲ್ ಅಷ್ಟೇ. ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದಿರುತ್ತದೆ, ಲೈಸೆನ್ಸ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ, ಅರ್ಜಿಯಲ್ಲಿ ಮನೆಯಲ್ಲಿ ಕರೆಯೋ ಹೆಸರು. ಫಾರ್ಮ್‌ನಲ್ಲಿ ಗುರುತಿನ ಚೀಟಿಯಲ್ಲಿ ಇರುವಂತೆಯೇ ಬರೆಯಿರಿ. ಮದುವೆಗೆ ಮುಂಚಿನ ಹೆಸರು, ಬೇರೆ ಹೆಸರು ಇದ್ದರೆ ಅದಕ್ಕೂ ಅಲ್ಲಿ ಜಾಗ ಇದೆ, ತುಂಬಿಸಿ.

ಹಳೇ ಕೇಸ್ ಇದ್ದವರು ದಯವಿಟ್ಟು ಮುಚ್ಚಿಡಬೇಡಿ. ಕಾನೂನು ಪೂರ್ತಿ ಬಾಗಿಲು ಹಾಕಿರುವುದು ಗಂಭೀರ ಹಿಂಸೆ, ಲೈಂಗಿಕ ಅಪರಾಧದಂಥವಕ್ಕೆ. ಎಂದೋ ಕುಡಿದು ಗಾಡಿ ಓಡಿಸಿದ ಕೇಸನ್ನು ಕೂತು ಮಾತಾಡಬಹುದು. ಅರ್ಜಿಯಲ್ಲಿ ಕೇಳಿದ ಪ್ರಶ್ನೆಗೆ ಇಲ್ಲ ಅಂತ ಬರೆದು, ವರದಿಯಲ್ಲಿ ಇದೆ ಅಂತ ಬಂದರೆ ನಾನು ನಿಮ್ಮ ಪರ ಮಾತಾಡೋದು ಕಷ್ಟ. ಆ ವರದಿಯನ್ನು ಎಲ್ಲರೂ ಓದುವಂತಿಲ್ಲ. ಪ್ರಿನ್ಸಿಪಾಲರಿಗೂ ನಾವು ಹೇಳೋದು "ಕ್ಲಿಯರ್ ಆಗಿದೆ" ಅಥವಾ "ಇನ್ನೂ ಇಲ್ಲ" ಅಷ್ಟೇ. ವರದಿಯ ಕಾರಣಕ್ಕೆ ಕೆಲಸ ಕೊಡದೇ ಹೋದರೆ ಅದರ ಪ್ರತಿಯನ್ನು ನಿಮಗೆ ಕೊಡಬೇಕು, ಕೇಳಿ ಪಡೆಯಿರಿ.

ಒಮ್ಮೆ ಕ್ಲಿಯರ್ ಆದರೆ ಮುಗಿಯಿತು ಅಂತಲೂ ಅಲ್ಲ. ಮುಂದೆ ಅರೆಸ್ಟ್ ಆದರೆ ಇಲಾಖೆಯಿಂದ ನಮಗೆ ಸುದ್ದಿ ಬರುತ್ತದೆ. ಕೆಲಸ ಬಿಟ್ಟವರ ಬಗ್ಗೆ ಆ ಸುದ್ದಿ ತಿಳಿಯುವ ಹಕ್ಕು ನಮಗಿಲ್ಲ, ಇವರು ಈಗ ನಮ್ಮವರಲ್ಲ ಅಂತ ನಾವೇ ಬರೆದು ತಿಳಿಸಬೇಕು. ಜೂನ್‌ನಲ್ಲಿ ರಾಜೀನಾಮೆಗಳು ಬಂದ ಕೂಡಲೇ ನಾನು ಮೊದಲು ಕಳಿಸೋದು ಆ ಫಾರ್ಮ್.